ಗುಲಗಂಜಿ ಎಲೆಯ ಸಿಹಿ

ಮಕ್ಕಳೇ, ಸಿಹಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನೀವು ಕಬ್ಬು ಎನ್ನುತ್ತೀರಿ. ನಮ್ಮ ಜಿಡಗಾದ ಹುಡುಗರು ಜೋಳದ ಹಸಿ ದಂಟನ್ನೂ ಸೇರಿಸುತ್ತಾರೆ. ಕಬ್ಬಿನಲ್ಲೂ ದಂಟಿನಲ್ಲೂ ಇರುವುದು ಸಕ್ಕರೆಯೇ. ಆದರೆ ಸಕ್ಕರೆಯ ಹಂಗಿಲ್ಲದೆ ನಾಲಿಗೆಗೆ ಸಿಹಿಯಾಗುವ ಗಿಡಗಳೂ ಇವೆ.

ಗುಲಗಂಜಿಯನ್ನೇ ನೋಡಿ. ಕೆಂಪು ಕಾಳು, ಕಪ್ಪು ಮೂತಿ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಬಂಗಾರ ತೂಗಲು ಬರುತ್ತಿದ್ದ ಹಿರಿಯ ಪತ್ತಾರರು 96 ಗುಂಜಿಗೆ ಒಂದು ತೊಲ ಎಂಬ ಹಳೆಯ ಲೆಕ್ಕ ಹೇಳುತ್ತಿದ್ದರು. ಇಂದಿನ ತೂಕದಲ್ಲಿ ಸುಮಾರು 11.66 ಗ್ರಾಂ. ಇದೇ ಬಳ್ಳಿಯ ಎಲೆ ಸಿಹಿ. ಅದಕ್ಕೇ ಕೆಲವರು ಅದನ್ನು ವೀಳ್ಯದಲ್ಲಿ ಹಾಕಿಕೊಳ್ಳುತ್ತಾರೆ. 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಎಲೆಯಿಂದ ‘ಅಬ್ರುಸೋಸೈಡ್’ ಎಂಬ ನಾಲ್ಕು ಪದಾರ್ಥಗಳನ್ನು ಬೇರ್ಪಡಿಸಿದರು. ಅವು ಸಕ್ಕರೆಗಿಂತ 30ರಿಂದ 100 ಪಟ್ಟು ಸಿಹಿ.

ಆದರೆ ನೆನಪಿಡಿ, ಕಾಳು ವಿಷ! ಅದರಲ್ಲಿ ಅಬ್ರಿನ್ ಎಂಬ ನಂಜಿದೆ. ಅಗಿದರೆ ಪ್ರಾಣಕ್ಕೇ ಸಂಚಕಾರ. ಸಿಹಿ ಎಲೆ, ವಿಷದ ಕಾಳು ಒಂದೇ ಬಳ್ಳಿಯಲ್ಲಿ ಇರುವುದರಿಂದ ಮಕ್ಕಳು ಅದರ ಯಾವ ಭಾಗವನ್ನೂ ಬಾಯಿಗೆ ಹಾಕಬಾರದು. ಯಾರಾದರೂ ಕಾಳು ತಿಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಕುಂಡಗಳಲ್ಲಿ ಬೆಳೆಸುವ ಸಿಹಿ ತುಳಸಿ, ಅಂದರೆ ಸ್ಟೀವಿಯಾ, ದಕ್ಷಿಣ ಅಮೆರಿಕದ ಪರಾಗ್ವೆ ಕಡೆಯದು. ಅಲ್ಲಿನ ಗುವಾರಾನಿ ಜನ ಅದರ ಎಲೆಯಿಂದ ತಮ್ಮ ಪೇಯವನ್ನು ಸಿಹಿ ಮಾಡಿಕೊಳ್ಳುತ್ತಿದ್ದರು. 1899ರಲ್ಲಿ ಮೊಯಿಸೆಸ್ ಬೆರ್ಟೋನಿ ಎಂಬ ಸಸ್ಯವಿಜ್ಞಾನಿ ಅದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. 1931ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನವಿಜ್ಞಾನಿಗಳು ಅದರ ಸಿಹಿಯನ್ನು ಹರಳಾಗಿ ಬೇರ್ಪಡಿಸಿದರು. ಆ ಹರಳು ಸಕ್ಕರೆಗಿಂತ 200 ಪಟ್ಟಿಗೂ ಹೆಚ್ಚು ಸಿಹಿ.

ಕೆಮ್ಮಿಗೆ ಕೊಡುವ ಜ್ಯೇಷ್ಠಮಧುವಿನ ಬೇರೂ ಸಿಹಿಯೇ. ಆದರೆ ದಿನಾಲೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ. ಮಧುನಾಶಿನಿಯದು ತದ್ವಿರುದ್ಧ ಆಟ. ಅದರ ಎಲೆ ಅಗಿದ ಮೇಲೆ ಸಕ್ಕರೆ ತಿಂದರೆ, ಸ್ವಲ್ಪ ಹೊತ್ತು ಮರಳು ಮುಕ್ಕಿದ ಹಾಗೆ, ಸಿಹಿಯೇ ತಿಳಿಯುವುದಿಲ್ಲ.

‘ಮುತ್ಯಾ, ಬೆಲ್ಲ ತಿಂದ್ರ ಶುಗರ್ ಏರಲ್ಲ ಅಂತಾರ, ಖರೇ ಏನು?’ ಎಂದು ಮೊಮ್ಮಗ ಕೇಳುತ್ತಾನೆ. ಖರೇ ಅಲ್ಲ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇದೆ. ಗಿಡದಿಂದ ಬಂದದ್ದೆಲ್ಲ ಔಷಧವಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಹಿರಿಯರು ಸ್ಟೀವಿಯಾ ಆಗಲಿ, ಮಧುನಾಶಿನಿ ಆಗಲಿ, ವೈದ್ಯರನ್ನು ಕೇಳದೆ ಶುರು ಮಾಡಬಾರದು. ಗುಳಿಗೆಯನ್ನಂತೂ ಬಿಡಲೇಬಾರದು.

ಈ ವಾರ ನೀವೊಂದು ಲೆಕ್ಕ ಬರೆಯಿರಿ. ಒಂದು ಕಪ್ ಚಹಾಕ್ಕೆ 2 ಚಮಚ, ದಿನಕ್ಕೆ 3 ಕಪ್, ಚಮಚಕ್ಕೆ ಸುಮಾರು 5 ಗ್ರಾಂ. ದಿನಕ್ಕೆ 30 ಗ್ರಾಂ ಆಯಿತು; 30 ದಿನಕ್ಕೆ 900 ಗ್ರಾಂ, ಒಬ್ಬರಿಗೇ! ನಿಮ್ಮ ಮನೆಯ ಪಟ್ಟಿ ಮಾಡಿ ಆಯಿ, ಮುತ್ಯಾನಿಗೆ ತೋರಿಸಿ. ನಿಮ್ಮ ಹಾಲಿನ ಲೋಟದ ಸಕ್ಕರೆಯನ್ನೂ ಅದರಲ್ಲಿ ಬರೆಯಲು ಮರೆಯಬೇಡಿ.