ಹಗೇವಿನ ಬಾಯಿಗೆ ನಿಂತವರು

ಹಗೆ ಅಂದರೆ ವೈರಿ, ಮುಯ್ಯಿ ಅಂದರೆ ಸೇಡು. ಪುಸ್ತಕದ ಕನ್ನಡದಲ್ಲಿ ಎರಡೂ ಜಗಳದ ಮಾತುಗಳೇ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿರಿಯರ ಬಾಯಲ್ಲಿ ಮಾತ್ರ ಇವೇ ಮಾತುಗಳು ಅನ್ನದ ಲೆಕ್ಕಕ್ಕೆ ಬರುತ್ತವೆ. ಹಗೆ, ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಮುಯ್ಯಿ ಎಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಡುವೆ ದುಡ್ಡಿನ ಮಾತಿಲ್ಲ. ಬರಗಾಲದ ಸೀಮೆಯಲ್ಲಿ ಒಂದು ಊರು ಮುಂದಿನ ವರ್ಷದ ಯೋಚನೆ ಮಾಡುತ್ತಿದ್ದದ್ದು ಈ ಎರಡರ ಆಧಾರದ ಮೇಲೆ.

ಹಗೇವು ತೋಡುವುದು ಎಲ್ಲರಿಗೂ ಬರುವ ಕೆಲಸವಾಗಿರಲಿಲ್ಲ. ಕಪ್ಪು ಎರಿ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರಿಯುತ್ತದೆ. ಅಂಥಲ್ಲಿ ಕಾಳು ಉಳಿಯದು. ಅದಕ್ಕೇ ಊರ ದಿಬ್ಬ, ಗುಡಿಯ ಮುಂದಿನ ಬಯಲು, ಮನೆಯ ಅಂಗಳ ಹೀಗೆ ನೀರು ನಿಲ್ಲದ, ಗಟ್ಟಿ ಗರಸು ಸಿಗುವ ಜಾಗ ಹುಡುಕಬೇಕಿತ್ತು. ಬಾಯಿ ಒಬ್ಬ ಆಳು ಇಳಿಯುವಷ್ಟೇ, ಕೆಳಗೆ ಹೋದಂತೆ ಹೊಟ್ಟೆ ಅಗಲ. ದೊಡ್ಡದೊಂದು ಹೂಜಿಯನ್ನು ಕುತ್ತಿಗೆಯವರೆಗೆ ಹೂತಿಟ್ಟಂತೆ. ತಳಕ್ಕೂ ಸುತ್ತಲಿನ ಗೋಡೆಗೂ ಜೋಳದ ಕಣಿಕೆ, ಹೊಟ್ಟು, ಬೇವಿನ ಸೊಪ್ಪು ಒತ್ತುತ್ತಿದ್ದರು. ಹಿಂಗಾರಿ ರಾಶಿ ಮುಗಿದು ಚೆನ್ನಾಗಿ ಬಿಸಿಲು ಕಂಡ ಬಿಳಿಜೋಳ ಸುರಿಯುತ್ತಿದ್ದರು. ಮೇಲೆ ಮತ್ತೆ ಹೊಟ್ಟು, ಬಾಯಿಗೆ ಹಾಸುಗಲ್ಲು, ಕಲ್ಲಿನ ಸುತ್ತ ಮಣ್ಣು. ಆಮೇಲೆ ಅದರ ಮೇಲೆ ದನ ಓಡಾಡಲಿ, ಮಕ್ಕಳು ಆಡಲಿ, ಚಿಂತೆಯಿರಲಿಲ್ಲ.

ಒಳಗೆ ನಡೆಯುವುದು ಸರಳ. ಕಾಳಿಗೂ ಉಸಿರಿದೆ, ಕಾಳಿನ ನಡುವಿನ ಹುಳಕ್ಕೂ ಉಸಿರಿದೆ. ಇಬ್ಬರೂ ಸೇರಿ ಇದ್ದಷ್ಟು ಆಮ್ಲಜನಕ ಮುಗಿಸುತ್ತಾರೆ, ಹೊಂಡದ ತುಂಬ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತದೆ, ಜೋಳ ಉಳಿಯುತ್ತದೆ. ಔಷಧಿಯಿಲ್ಲ, ಕರೆಂಟಿಲ್ಲ, ಬಾಡಿಗೆಯಿಲ್ಲ. ಗೋಡೆಗೆ ತಾಗಿದ ಪದರ ಮಾತ್ರ ತೇವ ಹಿಡಿದು ಮುಗ್ಗುತ್ತದೆ. ಅದನ್ನು ಬೇರೆ ತೆಗೆದಿಡಬೇಕು. ನಡುವಿನ ಜೋಳಕ್ಕೂ ಹಗೇವಿನ ಒಂದು ಘಾಟು ಅಂಟಿಕೊಳ್ಳುತ್ತದೆ. ಆ ವಾಸನೆಯ ರೊಟ್ಟಿ ಕೆಲವರಿಗೆ ಹಿಡಿಸದು, ಇನ್ನು ಕೆಲವರು ಅದನ್ನೇ ನೆನೆಸಿಕೊಂಡು ಬಾಯಿ ಚಪ್ಪರಿಸುತ್ತಾರೆ.

ಕಾಳನ್ನು ಕಾಯುವ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ. ಕಲ್ಲು ಸರಿಸಿದ ತಕ್ಷಣ ಇಳಿದವರು ಮೇಲೆ ಬಾರದೆ ಹೋದ ಕಥೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿದೆ. ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದಿದ್ದಾರೆ. ಹಾಗಾಗಿ ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಬಾಯಿ ತೆರೆದು ಬಿಡಬೇಕು, ಗಾಳಿ ಆಡಬೇಕು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದವರು, ಬುಟ್ಟಿ ಎಳೆಯುವವರು, ಕಾಳು ಹೊರುವವರು, ಹೆಸರು ಹಿಡಿದು ಕೂಗುತ್ತಾ ಇರಲು ಒಬ್ಬರು. ಒಳಗಿನಿಂದ ‘ಓ’ ಎಂಬ ದನಿ ಬರುತ್ತಿರಬೇಕು. ಎಷ್ಟೇ ದೊಡ್ಡ ಕುಳವಾದರೂ ಒಬ್ಬನೇ ಹೋಗಿ ತನ್ನ ಜೋಳವನ್ನು ತಾನು ತೆಗೆದುಕೊಳ್ಳಲಾರ. ಕಷ್ಟಕಾಲಕ್ಕೆ ಜೊತೆಯಾಗುವ ಜನ ಯಾರು ಎಂಬ ಪ್ರಶ್ನೆಗೆ ಈ ಸೀಮೆಯ ಉತ್ತರ ಇಲ್ಲೇ ಇತ್ತು: ನೀನು ಒಳಗಿರುವಾಗ ಬಾಯಿಗೆ ಯಾರನ್ನು ನಿಲ್ಲಿಸುತ್ತೀ?

ಇದನ್ನು ಹಳೆಯ ಕಾಲದ ಸೊಗಸು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಗೇವು ಇದ್ದದ್ದು ಹೊಲ ಇದ್ದವರಿಗೆ. ಒಳಗಿಳಿಯುವ ಅಪಾಯ ಹೆಚ್ಚಾಗಿ ಆಳುಮಕ್ಕಳ ಪಾಲು. ಆಷಾಢ, ಶ್ರಾವಣದಲ್ಲಿ ಮನೆಯ ಕಾಳಿನ ವಾಡೇವು ಬರಿದಾದ ಕೂಲಿಯವರು ಅದೇ ಹಗೇವಿನ ಕಾಳನ್ನು ಸಾಲ ತಂದು ಸುಗ್ಗಿಯಲ್ಲಿ ಸವಾಯಿ ಲೆಕ್ಕದಲ್ಲೋ ದೀಡಿ ಲೆಕ್ಕದಲ್ಲೋ ತೀರಿಸಬೇಕಿತ್ತು. ಒಂದು ಚೀಲಕ್ಕೆ ಒಂದೂಕಾಲು, ಇಲ್ಲವೇ ಒಂದೂವರೆ. ಬಾಯಿಗೆ ನಿಂತವರೆಲ್ಲ ಸಮಾನರಾಗಿರಲಿಲ್ಲ.

ಇಷ್ಟೆಲ್ಲ ಎಚ್ಚರ ಯಾಕೆ ಬೇಕಾಯಿತು ಎಂಬುದಕ್ಕೆ ಬರಗಳ ಹೆಸರೇ ಸಾಕು. 1791-92ರ ಬರ ಸತ್ತವರ ತಲೆಬುರುಡೆಗಳ ಹೆಸರಿನಲ್ಲಿ ಉಳಿಯಿತು. 1876-78ರದನ್ನು ಸಂವತ್ಸರದ ಹೆಸರು ಹಿಡಿದು ಧಾತು-ಈಶ್ವರದ ಬರ ಎನ್ನುತ್ತಾರೆ. ಇಂಥ ಎಚ್ಚರ ತುಂಬ ಹಳೆಯದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ರಾಜನ ಸ್ವಂತ ಹೆಸರು ಹೇಳುವ ಆ ಶಾಸನ ಕಾಳಿನ ಮಾತಾಡುವುದಿಲ್ಲ. ಆದರೆ ಮೌರ್ಯರ ಕಾಲದ್ದೆಂದು ಹೇಳುವ ಉತ್ತರ ಪ್ರದೇಶದ ಸೋಹಗೌರದ ತಾಮ್ರಪಟ ಆಡುತ್ತದೆ. ಆಪತ್ತಿನ ಕಾಲಕ್ಕಷ್ಟೇ ತೆರೆಯಬೇಕಾದ ಉಗ್ರಾಣಗಳ ಸುದ್ದಿ ಅದರಲ್ಲಿದೆ. ಗಂಗೆಯ ಬಯಲಿನಲ್ಲಿ ದೊರೆ ಮಾಡಿದ್ದನ್ನು ಇಲ್ಲಿ ಊರೂರು ನೆಲದಡಿ ಮಾಡಿಕೊಂಡಿತು.

ಆಮೇಲೆ ಕಾಲುವೆ ಬಂತು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಯಿತು, ಮುಂದೆ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಕಡೆ ಹರಿಯಿತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಹೆಚ್ಚಿನ ನೆಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಆದರೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದವರು ಭತ್ತ ಬೆಳೆದು ತೋರಿಸಿದರು, ನೋಡಿದವರೆಲ್ಲ ಹಿಂದೆ ಹೋದರು. ಸಿಂಧನೂರು ಭತ್ತದ ಕಣಜವಾಯಿತು, ಮನೆಯೊಳಗಿನ ಕಣಜ ಮಾಯವಾಯಿತು. ಭತ್ತ ಕೊಯ್ಲಾದ ಗದ್ದೆಯಿಂದ ನೇರ ಮಿಲ್ಲಿಗೆ, ಮನೆಗೆ ರೇಷನ್ ಅಕ್ಕಿ. ಹಗೇವುಗಳಿಗೆ ಮಣ್ಣು ಬಿತ್ತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಈ ಸೀಮೆಯ ಜನ ರಾತ್ರಿಯಿಡೀ ಮೊಬೈಲು ನೋಡುತ್ತಾ ಕೂತಿದ್ದರೆ ಆಶ್ಚರ್ಯವಿಲ್ಲ. ನಾಟಿಯ ಹಂಗಾಮದು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಬೆಳೆಯೂ ಉಳಿಯಿತು. ಆದರೆ ಇಡೀ ಸೀಮೆಯ ಅನ್ನ ಒಂದು ಚೈನಿನ ಮೇಲೆ ತೂಗುತ್ತಿದೆ ಎಂಬುದು ಆ ವಾರ ಎಲ್ಲರಿಗೂ ಕಂಡಿತು.

ಹಗೇವಿನ ಕಾಲ ಮುಗಿದ ಮೇಲೆ ಬೇರೆ ಬಗೆಯ ಕೂಟಗಳು ಹುಟ್ಟಿವೆ. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಸುತ್ತಲಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ನವೆಂಬರಿನಲ್ಲಿ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆ ಬಂದಾಗಲೂ ಅವರು ಎದ್ದಿರಲಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಹಾದಿಯಲ್ಲಿ, ಮಾನ್ವಿ ಕಡೆಯ ಪೋತ್ನಾಳದಲ್ಲಿ, ದಲಿತ ಕೂಲಿ ಮಹಿಳೆಯರು ಕಟ್ಟಿದ ಜಾಗೃತ ಮಹಿಳಾ ಸಂಘಟನೆ ಇದೆ. ‘ಚಿಗುರು’ ಹೆಸರಿನಲ್ಲಿ ಅವರು ಮಾಡುವ ಸುಟ್ಟ ಮಣ್ಣಿನ ಓಲೆ, ಸರಗಳು ದೂರದ ಊರುಗಳ ಸಂತೆಗೂ ಹೋಗುತ್ತವೆ, ಜೊತೆಗೆ ಬೇವಿನ ಗೊಬ್ಬರವೂ. ಹಗೇವಿನ ಹೊಟ್ಟೆಗೆ ಇಳಿಯುತ್ತಿದ್ದ ಮನೆತನಗಳ ಹೆಣ್ಣುಮಕ್ಕಳು ಈಗ ತಮ್ಮದೇ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಆ ಓಲೆಗಳಿಗಿಂತ ಚೆಂದ ಕಾಣುತ್ತದೆ.

ಎಲ್ಲ ಗುಂಪೂ ಸಂಘವಲ್ಲ, ಅದನ್ನೂ ಹೇಳಬೇಕು. 2000ದಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದಾಗ ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರು. ಮೈಕ್ರೋ ಫೈನಾನ್ಸಿನವರು ಅದೇ ಗುಂಪಿನ ಅಚ್ಚಿನಲ್ಲಿ ಸಾಲ ಎರೆದರು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರೇ ಅವಳ ಬಾಗಿಲಿಗೆ ಹೋಗಿ ಕೂರಬೇಕು. 2025ರ ಫೆಬ್ರುವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹಗ್ಗ ಅಲ್ಲೂ ಇತ್ತು, ಕಟ್ಟಿದ್ದು ಮಾತ್ರ ಕುತ್ತಿಗೆಗೆ.

ಹಳೆಯ ಎಚ್ಚರ ಇನ್ನೂ ಜೀವಂತ ಇರುವುದನ್ನು ನೋಡಬೇಕೆಂದರೆ ಲಿಂಗಸುಗೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಗಳಿಗೆ ಹೋಗಬೇಕು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಜೋರಾಗಿ ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿಗಳಲ್ಲಿ ಇರುವ ಕುಟುಂಬಗಳು ಅಲ್ಲೇ ಉಳಿಯುತ್ತವೆ. 2019ರ ಆಗಸ್ಟಿನಲ್ಲಿ ಹೊರಹರಿವು 6 ಲಕ್ಷ ಕ್ಯೂಸೆಕ್ ದಾಟಿತ್ತು. ಅಧಿಕಾರಿಗಳು ಪ್ರತಿವರ್ಷ ಕರೆಯುತ್ತಾರೆ, ಇವರು ಕುರಿ, ದನ ಬಿಟ್ಟು ಬರಲು ಒಪ್ಪುವುದಿಲ್ಲ. ಮಳೆಗಾಲಕ್ಕೆ ಮೊದಲೇ ಹಿಟ್ಟು ಬೀಸಿಸಿಟ್ಟುಕೊಂಡು, ಮೇವು ಒಟ್ಟಿಕೊಂಡು ಕೂರುತ್ತಾರೆ. ಇದು ಮೊಂಡುತನ ಎನ್ನುವವರಿದ್ದಾರೆ. ಇರಬಹುದು. ಒಂದು ಸೇತುವೆಗಾಗಿ ಎಷ್ಟು ಮಳೆಗಾಲ ಕಾಯಿಸಿದ್ದೇವೆ ಎಂಬುದನ್ನೂ ಅದರ ಪಕ್ಕಕ್ಕೆ ಬರೆಯಬೇಕು.

ಅದೇ ನದಿಯ ಆಚೆ ದಡದ ಸುರಪುರ ತಾಲ್ಲೂಕಿಗೆ ಸೇರಿದ ನೀಲಕಂಠರಾಯನಗಡ್ಡಿಯಲ್ಲಿ 2013ರ ಜುಲೈ ಕೊನೆಗೆ ಒಂಬತ್ತು ತಿಂಗಳ ಬಸುರಿಯೊಬ್ಬಳು ಪ್ರವಾಹದಲ್ಲಿ ಈಜಿ ದಡ ಸೇರಿದಳು, ಆಸ್ಪತ್ರೆ ಇದ್ದದ್ದು ಆ ದಡದಲ್ಲಿ. ವಯಸ್ಸು 22. ಮೈಗೆ ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿಕೊಂಡಿದ್ದಳು. ಅವಳ ಜೊತೆಗೇ, ಅದೇ ನೀರಿನಲ್ಲಿ, ಅವಳಪ್ಪ ಮತ್ತು ಸೋದರ ಈಜುತ್ತಿದ್ದರು.