ಉಪ್ಪಿಗಿಂತ ಲೋಳೆಯೇ ದೊಡ್ಡ ಕಾಟ

ಕಡಲ ನೀರಿನಿಂದ ಉಪ್ಪು ಬೇರ್ಪಡಿಸುವುದು ಈಗ ಕಷ್ಟವೇನಲ್ಲ. 55ರಿಂದ 70 ಬಾರ್ ಒತ್ತಡದಲ್ಲಿ ತಳ್ಳಿದರೆ ಪಾಲಿಅಮೈಡ್ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ತಡೆಯುತ್ತದೆ. ಕಷ್ಟವಿರುವುದು ಆ ಪೊರೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದರಲ್ಲಿ. ಸುರುಳಿ ಸುತ್ತಿದ ಪೊರೆಗಳ ನಡುವೆ ನೀರು ಹರಿಯಲು ಇರುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಅಲ್ಲಿ ಕೆಸರು, ಪಾಚಿಯ ಜಿಗುಟು, ಬ್ಯಾಕ್ಟೀರಿಯಾದ ಲೋಳೆ ಕೂರುತ್ತವೆ. ಕೊನೆಯ ಸುರುಳಿಗಳಲ್ಲಿ, ನೀರು ಗಾಢವಾದಂತೆ, ಬಚ್ಚಲ ಹಂಡೆಯಲ್ಲಿ ಕಟ್ಟುವಂಥ ಸುಣ್ಣದ ಪದರವೂ ಸೇರಿಕೊಳ್ಳಬಹುದು.

ಕೆಸರಿಗೆ ಮದ್ದು ಸುಲಭ: ಫೆರಿಕ್ ಕ್ಲೋರೈಡ್ ಹಾಕಿ ಕಣಗಳನ್ನು ಗಂಟುಕಟ್ಟಿಸಿ, ಮರಳಿನಲ್ಲೋ ಅಲ್ಟ್ರಾಫಿಲ್ಟರಿನಲ್ಲೋ ಸೋಸುವುದು. ಸೋಸಿದ ನೀರನ್ನು 0.45 ಮೈಕ್ರಾನಿನ ಕಾಗದದ ಮೂಲಕ 15 ನಿಮಿಷ ಹರಿಸಿ, ಕಾಗದ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆಂದು ಅಳೆಯುತ್ತಾರೆ. ಇದೇ ಎಸ್‌ಡಿಐ. 3ಕ್ಕಿಂತ ಕೆಳಗಿದ್ದರೆ ನೆಮ್ಮದಿ, 5 ದಾಟಿದರೆ ಪೊರೆಗೆ ಅಪಾಯ. ಆದರೆ ಈ ಪರೀಕ್ಷೆಗೆ ನೀರಿನಲ್ಲಿ ಕರಗಿರುವ, ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ಅಂಶ ಕಾಣುವುದೇ ಇಲ್ಲ.

ನಿಜವಾದ ಕಾಟ ಅಲ್ಲಿದೆ. ಬ್ಯಾಕ್ಟೀರಿಯಾ ಕೊಲ್ಲಲು ಸದಾ ಕ್ಲೋರಿನ್ ಹಾಕಿದರೆ ಅದು ದೊಡ್ಡ ಸಾವಯವ ಅಣುಗಳನ್ನು ಒಡೆದು, ಬದುಕುಳಿದ ಬ್ಯಾಕ್ಟೀರಿಯಾಕ್ಕೆ ಸುಲಭದ ಊಟ ಮಾಡಿಕೊಡುತ್ತದೆ. ಕ್ಲೋರಿನ್ ಪಾಲಿಅಮೈಡನ್ನೂ ತಿನ್ನುವುದರಿಂದ ಪೊರೆಗೆ ಮುಂಚೆ ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ತೆಗೆಯಲೇಬೇಕು. ಅಲ್ಲಿಂದಾಚೆಗೆ ಊಟ ಇದೆ, ಕಾವಲಿಲ್ಲ! ಹಾಗಾಗಿಯೇ ಹಲವು ಕಡೆ ಆಗಾಗ ಮಾತ್ರ, ಜೋರು ಪ್ರಮಾಣದಲ್ಲಿ ಕ್ಲೋರಿನ್ ಕೊಡುವ ಪದ್ಧತಿಗೆ ಬಂದಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

2008–09ರಲ್ಲಿ ಓಮಾನ್ ಮತ್ತು ಯುಎಇ ತೀರದಲ್ಲಿ ಕಾಕ್ಲೋಡಿನಿಯಂ ಎಂಬ ಸೂಕ್ಷ್ಮ ಪಾಚಿ ಹಬ್ಬಿ ಕಡಲು ಕೆಂಪಾದಾಗ ಉಪ್ಪು ತೆಗೆಯುವ ಹಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಸಣ್ಣ ಗಾಳಿಗುಳ್ಳೆಗಳಿಂದ ಪಾಚಿಯನ್ನು ಮೇಲಕ್ಕೆತ್ತಿ ಕೆನೆಯಂತೆ ತೆಗೆಯುವ ವ್ಯವಸ್ಥೆಗೆ ಕೊಲ್ಲಿಯಲ್ಲಿ ಬೆಲೆ ಬಂದದ್ದು ಆಮೇಲೆ.

ಇಷ್ಟಾದರೂ ಪೊರೆ ಕೊಳೆಯಾಗುತ್ತದೆ. ಹರಿವು 10–15% ಕುಸಿದಾಗಲೇ ತೊಳೆಯಬೇಕು. ತಡವಾದರೆ ಲೋಳೆ ಗಟ್ಟಿಯಾಗಿ, ಪೊರೆಯನ್ನು ಬಿಡುವುದಿಲ್ಲ. ನೀರು ತಣ್ಣಗಾದರೂ ಹರಿವು ಇಳಿಯುತ್ತದೆ, ಆದ್ದರಿಂದ ಉಷ್ಣತೆಯ ಲೆಕ್ಕ ಹೊಂದಿಸಿಯೇ ನೋಡಬೇಕು. ಲೋಳೆಗೆ ಕ್ಷಾರ, ಸುಣ್ಣಕ್ಕೆ ಆಮ್ಲ. ಸಾಮಾನ್ಯವಾಗಿ ಕ್ಷಾರವೇ ಮೊದಲು.

ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಇಂಥ ಘಟಕವಿದೆ. ಮಳೆಗಾಲದಲ್ಲಿ ನದಿಗಳು ಕೆಸರು ತಂದು ಸುರಿಯುವ ನಮ್ಮ ಕರಾವಳಿಯಲ್ಲಿ ಮುಂದೆ ಯಾರೇ ಘಟಕ ಕಟ್ಟಿದರೂ, ಸೋಸುವ ವ್ಯವಸ್ಥೆಯನ್ನು ಜನವರಿಯ ತಿಳಿನೀರಿಗಲ್ಲ, ಜುಲೈ ತಿಂಗಳ ನೀರಿಗೆ ಲೆಕ್ಕ ಹಾಕಬೇಕು.