ಗಡಿ ದಾಟಿದರೂ ಆಟ ಇಲ್ಲ

ಗಡಹಿಂಗ್ಲಜ ಪೇಟೆಗೆ ಮೆಣಸಿನಕಾಯಿ ಒಯ್ದಿದ್ದೆ. ಇಚಲಕರಂಜಿಯ ಮಗ್ಗದಲ್ಲಿ ದುಡಿಯುವ ಪರಿಚಯದ ಹುಡುಗ, ರಜೆಗೆ ಬಂದವ, ಮೊಬೈಲು ಮುಂದೆ ಹಿಡಿದ: 'ಕಾಕಾ, ಪೋಕರ್ ಆಡಾಕ ಯಾವ ಆ್ಯಪ್ ಚಲೋರಿ?'

ನಾನೂ ಆಡಿ ಕೆಟ್ಟವನೇ. 2021ರ ಅಕ್ಟೋಬರದಲ್ಲಿ ಕರ್ನಾಟಕದ ಕಾಯ್ದೆ ಬಂದಾಗ ಹಲವು ಕಂಪನಿಗಳು ನಮಗೆ ಬಾಗಿಲು ಹಾಕಿದವು. ಮಹಾರಾಷ್ಟ್ರದಲ್ಲಿ ಮಾತ್ರ ಆಟ ಚಾಲೂ. ಸಂಕೇಶ್ವರದಿಂದ ಇಲ್ಲಿಗೆ ಬರಲು ನೆವ ಸಿಕ್ಕಂತಾಯಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ಕಲಮುಗಳನ್ನು ರದ್ದು ಮಾಡಿತು, ನೆವವೂ ಬೇಕಾಗಲಿಲ್ಲ.

ಟೂರ್ನಮೆಂಟಿನಲ್ಲೂ ನಮೂನೆಗಳುಂಟು. ಫ್ರೀಜ್‌ಔಟ್ ಅಂದರೆ ಕೊಲ್ಹಾಪುರದ ಖಾಸಬಾಗ ಮೈದಾನದ ಕುಸ್ತಿ: ಬೆನ್ನು ಮಣ್ಣಿಗೆ ಹತ್ತಿತೋ, ಮನೆಗೆ. ಹೋಗುವುದು ಪ್ರವೇಶ ಫೀ ಅಷ್ಟೇ. ಸ್ಯಾಟಲೈಟ್‌ನಲ್ಲಿ ಗೆದ್ದವನಿಗೆ ದೊಡ್ಡ ಆಟದ ಪ್ರವೇಶ ಸಿಗುತ್ತದೆ. ರೀಬೈ ಹಾಗಲ್ಲ, ಸೋತವ ಮತ್ತೆ ರೊಕ್ಕ ಕಟ್ಟಿ ಕೂಡಬಹುದು. 500 ರೂಪಾಯಿಯ ಆಟಕ್ಕೆ ನಾನು ಒಂದೇ ರಾತ್ರಿ ಒಂಬತ್ತು ಸಲ ಕಟ್ಟಿದೆ. ನೀವು ಗೆಲ್ಲಿ, ಸೋಲಿ, ಫೀಯಲ್ಲೇ ಕಂಪನಿಯ ಕಮಿಶನ್ ಇರುತ್ತದೆ. ಅಡತಿಯವನೂ ಕಮಿಶನ್ ಮುರೀತಾನ ಖರೆ, ಆದರೆ ಮಾಲಾದರೂ ಮಾರಿಸಿಕೊಡುತ್ತಾನೆ!

'ತಮ್ಮಾ, 2025ರ ಆಗಸ್ಟದಾಗ ಪಾರ್ಲಿಮೆಂಟು ರೊಕ್ಕದ ಆನ್‌ಲೈನ್ ಆಟ ಬಂದ್ ಮಾಡೂ ಕಾಯ್ದೆ ಮಾಡೇತಿ' ಅಂದೆ. ಬುದ್ಧಿಯ ಆಟ, ನಸೀಬಿನ ಆಟ ಎಂಬ ಫರಕು ಅದರಲ್ಲಿಲ್ಲ. ಗಡಿಯ ಎರಡೂ ಕಡೆಗೆ ಅದೇ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಟ್ಟಿಲ್ಲ. ಆದರೆ ಹೊರದೇಶದ ಆ್ಯಪಿನಲ್ಲಿ ರೊಕ್ಕ ಸಿಕ್ಕಿಬಿದ್ದರೆ ಯಾರ ಕಟ್ಟೆ ಹತ್ತುವುದು?

ಅವನದು ಅಂಥದೇ ಆ್ಯಪು.

'ಎಷ್ಟು ಹಾಕೀದಿ?'

'ಎರಡ ವಾರದ ಪಗಾರ, ಕಾಕಾ. ಗೆದ್ದೀನಿ, ಆದ್ರ ತಗಿಯಾಕ ಬರವಲ್ದು.'